ಕ್ಯಾಮೆರಾದ ತಿದಿಗೆ ಹಾರ್ಮೋನಿಯಂ ಅಂಗಡಿ

4×5 ಇಂಚಿನ ಫಿಲ್ಮ್ ಹಾಕುವ, ಮಡಚಿ ಒಯ್ಯುವಂಥ ನನ್ನ ಹಳೇ ಫೀಲ್ಡ್ ಕ್ಯಾಮೆರಾದ ತಿದಿ, ಅಂದರೆ ಲೆನ್ಸಿಗೂ ಫಿಲ್ಮಿಗೂ ನಡುವೆ ಇರುವ ಮಡಿಕೆ ಮಡಿಕೆಯ ಚರ್ಮದ ಗೂಡು, ತೂತು ಬಿದ್ದಿತ್ತು. ಮಲೆನಾಡಿನ ಮಳೆಗಾಲ ಗೊತ್ತಲ್ಲ, ಬೀರುವಿನಲ್ಲಿಟ್ಟ ಚಪ್ಪಲಿಗೇ ಬೂಷ್ಟು ಹಿಡಿಯುತ್ತೆ, ಇನ್ನು ಈ ಚರ್ಮ ಎಷ್ಟು ತಡೆದೀತು? ಕವಲೇದುರ್ಗದಲ್ಲಿ ತೆಗೆದ ಎರಡು ಶೀಟ್ ಫಿಲ್ಮ್ ಮಬ್ಬಾಗಿ ಬಂದಾಗಲೇ ಅನುಮಾನ ಬಂತು. ರಾತ್ರಿ ದೀಪ ಆರಿಸಿ, ತಿದಿ ಪೂರ್ತಿ ಎಳೆದು, ಒಳಗೆ ಟಾರ್ಚ್ ಹಚ್ಚಿಟ್ಟೆ. ಮಡಿಕೆಯ ಮೂಲೆಗಳಲ್ಲಿ 14 ಬೆಳಕಿನ ಚುಕ್ಕಿ!

ಶಿವಮೊಗ್ಗದ ಗಾಂಧಿ ಬಜಾರ್ ಹತ್ತಿರ ಹಾರ್ಮೋನಿಯಂ ರಿಪೇರಿ ಮಾಡುವವರೊಬ್ಬರಿದ್ದಾರೆ. ಅದಕ್ಕೂ ತಿದಿ ಇರುತ್ತಲ್ವಾ, ಆ ಧೈರ್ಯದ ಮೇಲೆ ಹೋದೆ. "ನಮ್ದು ಗಾಳಿ ಸೋರಬಾರದು, ನಿಮ್ದು ಬೆಳಕು ಸೋರಬಾರದು, ಅಷ್ಟೇ ತಾನೆ ಸಾರ್?" ಅಂದರು.

ಕೆಲಸ ನಿಜಕ್ಕೂ ಚೆನ್ನಾಗಿದೆ. ತೆಳು ಕಪ್ಪು ಚರ್ಮದ ಚೂರುಗಳನ್ನು ಕತ್ತರಿಸಿ, ಅಂಚನ್ನು ಬ್ಲೇಡಿನಿಂದ ಕಾಗದದಷ್ಟು ತೆಳ್ಳಗೆ ಹೆರೆದು, ಒಳಗಡೆಯಿಂದ ಅಂಟಿಸಿದ್ದಾರೆ. ಅಂಟು ಗಟ್ಟಿಯಾಗುವ ಮೊದಲೇ ಮಡಿಕೆಯನ್ನು ಮುಚ್ಚಿ ತೆರೆದು ನೋಡುತ್ತಿದ್ದರು. ಇದೇ ಮುಖ್ಯ. ತೇಪೆ ದಪ್ಪವಾದರೆ ತಿದಿ ಪೂರ್ತಿ ಮಡಚಲ್ಲ, ಕ್ಯಾಮೆರಾ ಪೆಟ್ಟಿಗೆ ಮುಚ್ಚಲ್ಲ.

ಒಂದು ವಾರ ಅಂದವರು ಮೂರು ವಾರ ಮಾಡಿದರು, ಅದೊಂದೇ ಬೇಜಾರು. ಕೂಲಿ 600 ರೂಪಾಯಿ. ಮನೆಗೆ ಬಂದು ಮತ್ತೆ ಟಾರ್ಚ್ ಇಟ್ಟೆ, ಒಂದು ಚುಕ್ಕಿಯೂ ಕಾಣಲಿಲ್ಲ. ನಿಮ್ಮ ತಿದಿಯ ಚರ್ಮ ಮುಟ್ಟಿದರೆ ಪುಡಿಯಾಗುವಂತಿದ್ದರೆ ಮಾತ್ರ ಸುಮ್ನೆ ತೇಪೆಗೆ ದುಡ್ಡು ಹಾಕಬೇಡಿ, ಹೊಸದೇ ಹಾಕಿಸಿ.