8 ಮಿ.ಮೀ. ವಾಚ್ ಲೇತ್, ಒಂಬತ್ತು ವರ್ಷಗಳ ಬಳಕೆ: ಕಚ್ಚಿಕೊಂಡ ಚಕ್ ಬಿಡಿಸಿದ ಅನುಭವದೊಂದಿಗೆ

ಉಡುಪಿಯಲ್ಲಿ ನಾನು ಕೈಗಡಿಯಾರ ರಿಪೇರಿ ಮಾಡುವ ಕೋಣೆಯಲ್ಲಿ ಜರ್ಮನಿಯಲ್ಲಿ ತಯಾರಾದ, ವೆಬ್‌ಸ್ಟರ್-ವಿಟ್‌ಕೂಂಬ್ ಮಾದರಿಯ ಒಂದು ಲೇತ್ (ಲೋಹದ ತುಂಡನ್ನು ತಿರುಗಿಸಿ ಕಡೆಯುವ ಯಂತ್ರ) ಇದೆ. ಅದನ್ನು ಒಂಬತ್ತು ವರ್ಷಗಳ ಹಿಂದೆ ಹಳೆಯದಾಗಿಯೇ ಕೊಂಡೆ. ಈ ವಿನ್ಯಾಸ ಅಮೆರಿಕದ ವಾಲ್ತಮ್‌ನಲ್ಲಿ 19ನೆಯ ಶತಮಾನದ ಕೊನೆಯ ಭಾಗದಲ್ಲಿ ರೂಪುಗೊಂಡಿತು. ಮುಂದೆ ಯುರೋಪಿನ ತಯಾರಕರೂ ಅದನ್ನು ಅನುಸರಿಸಿದ್ದರಿಂದ, ಬೇರೆ ಬೇರೆ ಕಡೆ ತಯಾರಾದ 8 ಮಿ.ಮೀ. ಕೊಲೆಟ್‌ಗಳು (ತುಂಡನ್ನು ಸುತ್ತಲಿಂದ ಬಿಗಿಹಿಡಿಯುವ ಸೀಳು ಕೊಳವೆಗಳು) ಬಹುಮಟ್ಟಿಗೆ ಇದಕ್ಕೆ ಕೂರುತ್ತವೆ.

ನನ್ನ ಕೆಲಸದ ದೊಡ್ಡ ಪಾಲು ಎಚ್‌ಎಂಟಿ ಗಡಿಯಾರಗಳದ್ದು. ಸಿಟಿಜನ್ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆ ತಯಾರಿಕೆ ಈಗ ಹಿಂದಿನ ಪ್ರಮಾಣದಲ್ಲಿ ಇಲ್ಲವಾದರೂ, ಅಪ್ಪನೋ ಅಜ್ಜನೋ ಕಟ್ಟುತ್ತಿದ್ದ ಜನತಾ ಅಥವಾ ಪೈಲಟ್ ಗಡಿಯಾರವನ್ನು ಹೇಗಾದರೂ ಓಡಿಸಿಕೊಡಿ ಎಂದು ಬರುವವರು ಕಡಿಮೆಯಾಗಿಲ್ಲ. ಗಡಿಯಾರ ಕೈಜಾರಿ ಬಿದ್ದಾಗ ಬ್ಯಾಲೆನ್ಸ್ ಸ್ಟಾಫಿನ, ಅಂದರೆ ಅತ್ತಿತ್ತ ಓಲಾಡುವ ಬ್ಯಾಲೆನ್ಸ್ ಚಕ್ರದ ಅಚ್ಚಿನ, ತುದಿ ಮುರಿಯುವುದುಂಟು. ಮಿಲಿಮೀಟರಿನ ಹತ್ತನೆಯ ಒಂದು ಭಾಗದ ಆಸುಪಾಸಿನಷ್ಟು ಸಣ್ಣದಾದ ಆ ತುದಿಯನ್ನು ಈ ಲೇತಿನ ಮೇಲೆ ಕೈ ಉಳಿಯಿಂದಲೇ ಕಡೆಯುತ್ತೇನೆ. ಅಂಥ ಕೆಲಸಕ್ಕೆ ಇದರ ಸ್ಪಿಂಡಲ್ (ತುಂಡನ್ನು ಹೊತ್ತು ತಿರುಗುವ ಟೊಳ್ಳು ಅಚ್ಚು) ಇಂದಿಗೂ ಪೂರ್ಣ ಸಮರ್ಥವಾಗಿದೆ.

ತೊಂದರೆ ಕೊಟ್ಟದ್ದು ಲೇತ್ ಅಲ್ಲ, ಬೇರೆ ತಯಾರಕರಿಂದ ಆಮೇಲೆ ಕೊಂಡ ತ್ರೀ-ಜಾ ಚಕ್, ಅಂದರೆ ಮೂರು ದವಡೆಗಳಿಂದ ತುಂಡನ್ನು ಹಿಡಿಯುವ ಸಾಧನ. ಕೊಲೆಟಿನ ಹಾಗೆಯೇ 8 ಮಿ.ಮೀ. ದಂಡವಿರುವ ಈ ಚಕ್ಕನ್ನು ಸ್ಪಿಂಡಲಿನೊಳಗೆ ತೂರಿಸಿ ಹಿಂದಿನಿಂದ ಡ್ರಾಬಾರ್ (ಅದನ್ನು ಒಳಕ್ಕೆ ಎಳೆದು ಹಿಡಿಯುವ ತಿರುಪಿನ ಸರಳು) ಬಿಗಿಯುತ್ತೇವೆ. ಕಳೆದ ವರ್ಷ ಜೂನ್ ಮೊದಲ ವಾರ ಒಂದು ಕೆಲಸಕ್ಕೆ ಹಾಕಿದ್ದನ್ನು ತೆಗೆಯದೆ ಊರಿಗೆ ಹೋದವನು, ಮರಳಿ ಬಂದು ಲೇತ್ ಮುಟ್ಟುವಾಗ ಆಟಿ ತಿಂಗಳು (ತುಳುನಾಡಿನಲ್ಲಿ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಹಿಡಿದಿತ್ತು. ಕರಾವಳಿಯ ಮಳೆಗಾಲ ಉಕ್ಕನ್ನು ಏನು ಮಾಡುತ್ತದೆ ಎಂಬುದನ್ನು ಇಲ್ಲಿನವರಿಗೆ ವಿವರಿಸಬೇಕಾಗಿಲ್ಲ. ಡ್ರಾಬಾರ್ ಸಡಿಲಿಸಿ ಅದರ ಹಿಂಬದಿಗೆ ಅಂಗೈಯಿಂದ ತಟ್ಟಿದೆ; ಎಂದಿನಂತೆ ಟಕ್ಕನೆ ಬಿಡಬೇಕಾದ ಚಕ್ ಒಂದು ಕೂದಲೆಳೆಯಷ್ಟೂ ಕದಲಲಿಲ್ಲ.

ಈ ಹಂತದಲ್ಲಿ ಹೆಚ್ಚಿನವರು ಮಾಡುವುದು ಎರಡು ಕೆಲಸ: ಚಕ್ಕನ್ನು ಇಕ್ಕಳದಲ್ಲಿ ಹಿಡಿದು ತಿರುಗಿಸುವುದು, ಇಲ್ಲವೇ ಡ್ರಾಬಾರಿಗೆ ಸುತ್ತಿಗೆಯಿಂದ ಬಡಿಯುವುದು. ಎರಡನ್ನೂ ಮಾಡಬಾರದು. ಸ್ಪಿಂಡಲಿನ ಒಳಗೋಡೆಯಲ್ಲಿ ಒಂದು ಚಿಕ್ಕ ಪಿನ್ ಇದ್ದು, ದಂಡದ ಉದ್ದಕ್ಕಿರುವ ಸೀಳಿನಲ್ಲಿ ಅದು ಕೂತಿರುತ್ತದೆ. ತಿರುಗಿಸಿದರೆ ಮೊದಲು ತುಂಡಾಗುವುದು ಅದೇ. ರಾಟೆಯ ಇಂಡೆಕ್ಸ್ ರಂಧ್ರಕ್ಕೆ (ಸುತ್ತನ್ನು ಸಮಭಾಗ ಮಾಡಲು ಇರುವ ತೂತು) ಪಿನ್ ಸಿಕ್ಕಿಸಿ ಸ್ಪಿಂಡಲನ್ನು ತಡೆದು ಹಿಡಿದರೆ ಆ ಇಂಡೆಕ್ಸ್ ಪಿನ್ನೂ ಬಾಗುತ್ತದೆ. ಇನ್ನು ಹಿಂದಿನಿಂದ ಬಡಿದರೆ, ದಂಡ ಸ್ಪಿಂಡಲಿಗೆ ಕಚ್ಚಿಕೊಂಡಿರುವುದರಿಂದ, ಪ್ರತಿಯೊಂದು ಪೆಟ್ಟೂ ಸ್ಪಿಂಡಲನ್ನೇ ಮುಂದಕ್ಕೆ ನೂಕುತ್ತದೆ ಮತ್ತು ಆ ಹೊಡೆತವನ್ನೆಲ್ಲ ಸ್ಪಿಂಡಲನ್ನು ಹೊತ್ತ ಹೆಡ್‌ಸ್ಟಾಕಿನ ಶಂಕುವಿನಾಕಾರದ ಬೇರಿಂಗ್ ತಾಳಿಕೊಳ್ಳಬೇಕಾಗುತ್ತದೆ. ಈ ಲೇತಿನ ಜೀವ ಇರುವುದೇ ಆ ಬೇರಿಂಗಿನಲ್ಲಿ.

ನಾನು ಮೊದಲು ಯೋಚಿಸಿದ್ದು ಕಚ್ಚಿಕೊಂಡಿರುವುದು ಎಲ್ಲಿ ಎಂದು. ಕೊಲೆಟಿನ ಬಾಯಿಯ ಇಳಿಜಾರು ಸುಮಾರು 40 ಡಿಗ್ರಿಯದು. ದೊಡ್ಡ ಲೇತ್‌ಗಳ ಮೋರ್ಸ್ ಟೇಪರ್ ಎಂಬ ಇಳಿಜಾರು ಕೇವಲ 3 ಡಿಗ್ರಿಯ ಆಸುಪಾಸಿನಲ್ಲಿರುವುದರಿಂದ ತಾನಾಗಿ ಕಚ್ಚಿ ನಿಲ್ಲುತ್ತದೆ, ಇದು ಹಾಗೆ ನಿಲ್ಲುವ ಕೋನವಲ್ಲ. ಹಾಗಾದರೆ ತುಕ್ಕು ಹಿಂದಿನ ನೇರ ಭಾಗದಲ್ಲಿ, ಅಂದರೆ 8 ಮಿ.ಮೀ. ದಂಡ ತೀರಾ ಕಡಿಮೆ ಸಡಿಲಿನಲ್ಲಿ ಕೂರುವ ಜಾಗದಲ್ಲಿಯೇ ಇರಬೇಕು. ಆದ್ದರಿಂದ ಎಣ್ಣೆ ಮುಂದಿನಿಂದ ಹಾಕಿ ಪ್ರಯೋಜನವಿಲ್ಲ. ಡ್ರಾಬಾರನ್ನು ಪೂರ್ತಿ ಹೊರತೆಗೆದು, ಹೆಡ್‌ಸ್ಟಾಕನ್ನು ಬೆಡ್‌ನಿಂದ ಬಿಡಿಸಿ, ಚಕ್ ಕೆಳಮುಖವಾಗುವಂತೆ ನಿಲ್ಲಿಸಿ, ಸ್ಪಿಂಡಲಿನ ಟೊಳ್ಳಿನೊಳಗೆ ತುಕ್ಕು ಬಿಡಿಸುವ ಎಣ್ಣೆಯನ್ನು ಹನಿಹನಿಯಾಗಿ ಬಿಟ್ಟೆ. ದಿನಕ್ಕೆ ಎರಡು ಬಾರಿಯಂತೆ ನಾಲ್ಕು ದಿನ ಹೀಗೆ ಮಾಡಿದೆ. ನಡುವೆ ಕೂದಲು ಒಣಗಿಸುವ ಯಂತ್ರದಿಂದ ಸ್ಪಿಂಡಲಿನ ಮೂತಿಯನ್ನು ಕೈಗೆ ಚುರುಕ್ಕೆನ್ನುವಷ್ಟು ಮಾತ್ರ ಬಿಸಿ ಮಾಡಿ ತಣಿಯಲು ಬಿಡುತ್ತಿದ್ದೆ. ಗ್ಯಾಸ್ ಜ್ವಾಲೆಯನ್ನು ಹತ್ತಿರ ತರಲೇಬಾರದು, ಹದಗೊಳಿಸಿದ ಉಕ್ಕಿನ ಗಡಸುತನ ಹೋಗಿಬಿಡುತ್ತದೆ.

ಕೊನೆಗೆ ಕೆಲಸ ಮಾಡಿದ್ದು ಬೆಣೆ. ಚಕ್ಕಿನ ಬೆನ್ನಿಗೂ ಸ್ಪಿಂಡಲಿನ ಮೂತಿಗೂ ನಡುವೆ ಎರಡೂವರೆ ಮಿಲಿಮೀಟರಿನಷ್ಟು ಸಂದು ಇತ್ತು. ಒಂದು ತುದಿ 1 ಮಿ.ಮೀ., ಇನ್ನೊಂದು ತುದಿ 2 ಮಿ.ಮೀ. ದಪ್ಪವಿರುವ ಎರಡು ಮೆದು ಉಕ್ಕಿನ ಪಟ್ಟಿಗಳನ್ನು ಅರದಲ್ಲಿ ಉಜ್ಜಿ, ದಂಡದ ಕುತ್ತಿಗೆಯನ್ನು ಬಳಸಿಕೊಳ್ಳುವಂತೆ ನಡುವೆ ಸೀಳು ಕೊಟ್ಟು, ಒಂದನ್ನು ಎಡದಿಂದ ಇನ್ನೊಂದನ್ನು ಬಲದಿಂದ ಎದುರುಬದುರಾಗಿ ತೂರಿಸಿದೆ. ನಂತರ ಸಣ್ಣ ಸಿ-ಕ್ಲ್ಯಾಂಪಿನಿಂದ ಎರಡನ್ನೂ ಒತ್ತುತ್ತ ಬಂದೆ. ಇಲ್ಲಿ ಒತ್ತಡವೆಲ್ಲ ಚಕ್ಕಿಗೂ ಮೂತಿಗೂ ನಡುವೆಯೇ ಮುಗಿದುಹೋಗುವುದರಿಂದ ಬೇರಿಂಗಿಗೆ ಏನೂ ತಗಲುವುದಿಲ್ಲ. ಹೊರಬಂದ ಚಕ್ ಕೆಳಗೆ ಬೀಳದಿರಲಿ ಎಂದು ಡ್ರಾಬಾರನ್ನು ಮತ್ತೆ ಒಳಗೆ ಹಾಕಿ ನಾಲ್ಕೈದು ಸುತ್ತು ಮಾತ್ರ ಹಿಡಿಸಿಟ್ಟಿದ್ದೆ. ಕಾಲು ಸುತ್ತು ಬಿಗಿಯುವುದು, ಹತ್ತು ನಿಮಿಷ ಬಿಡುವುದು. ಆರನೆಯ ಸಲ ಒಣ ಕಡ್ಡಿ ಮುರಿದಂಥ ಸದ್ದಾಗಿ ಚಕ್ ಸಡಿಲಿತು.

ದಂಡದ ಹಿಂಭಾಗದಲ್ಲಿ ಬೆರಳಗಲದ ಕಂದು ಪಟ್ಟಿ ಕಂಡಿತು. ಮೈಕ್ರೋಮೀಟರ್ ಹಿಡಿದು ನೋಡಿದರೆ ದಂಡವೇ ನನ್ನ ಕೊಲೆಟ್‌ಗಳಿಗಿಂತ 0.01 ಮಿ.ಮೀ. ದಪ್ಪವಿತ್ತು, ಕೊಂಡ ದಿನವೇ ಇದನ್ನು ಅಳೆಯಬೇಕಿತ್ತು. ಒಳಗಿನ ಪಿನ್ ಹಾಗೆಯೇ ಇತ್ತು. ಸ್ಪಿಂಡಲಿನ ಒಳಗೋಡೆಗೆ ಎಮರಿ ಕಾಗದ ಮುಟ್ಟಿಸದೆ, ಬಿದಿರುಕಡ್ಡಿಗೆ ಸುತ್ತಿದ ಹತ್ತಿ ಬಟ್ಟೆಯಿಂದ ಮಾತ್ರ ಒರೆಸಿದೆ. ತುಕ್ಕು ಬಿಡಿಸುವ ಎಣ್ಣೆ ಬೇರಿಂಗಿಗೂ ಇಳಿದಿರುತ್ತದೆಯಾದ್ದರಿಂದ ಅದನ್ನು ಬಿಚ್ಚಿ, ತೊಳೆದು, ಹೊಸ ಸ್ಪಿಂಡಲ್ ಎಣ್ಣೆ ಹಾಕಿದೆ. ಡಯಲ್ ಇಂಡಿಕೇಟರ್ (ಸೂಕ್ಷ್ಮ ಅಲುಗಾಟ ತೋರಿಸುವ ಮಾಪಕ) ಇಟ್ಟು ನೋಡಿದಾಗ ಸ್ಪಿಂಡಲಿನ ಓಟದಲ್ಲಿ ಹಿಂದಿಗಿಂತ ವ್ಯತ್ಯಾಸ ಕಾಣಲಿಲ್ಲ.

ಲೇತಿನ ಬಗ್ಗೆ ನನ್ನ ಗೌರವ ಈ ಪ್ರಸಂಗದ ನಂತರ ಹೆಚ್ಚಿದೆ, ಆ ಚಕ್ಕನ್ನು ಮಾತ್ರ ಯಾರಿಗೂ ಶಿಫಾರಸು ಮಾಡಲಾರೆ. ಗಡಿಯಾರದ ಕೆಲಸದಲ್ಲಿ ಹತ್ತಕ್ಕೆ ಒಂಬತ್ತು ಸಲ ಕೊಲೆಟ್ಟೇ ಸಾಕು. ಹಳೆಯ ಲೇತ್ ಕೊಳ್ಳಹೊರಟವರು ಅಳತೆ ಸರಿಯಿರುವ, ಶುಭ್ರವಾದ ಒಂದು 8 ಮಿ.ಮೀ. ಕೊಲೆಟನ್ನು ಜೇಬಿನಲ್ಲಿಟ್ಟುಕೊಂಡು ಹೋಗಬೇಕು. ಒಣಗಿದ ಸ್ಪಿಂಡಲಿಗೆ ಅದನ್ನು ಬೆರಳಿನಿಂದಲೇ ನೂಕಿದಾಗ ಬಾಯಿಯವರೆಗೆ ತಡೆಯಿಲ್ಲದೆ ಜಾರಿ, ಎಳೆದಾಗ ಅಷ್ಟೇ ಸಲೀಸಾಗಿ ಹೊರಬರಬೇಕು. ನಡುವೆ ಎಲ್ಲಾದರೂ ಹಿಡಿದರೆ, ಆ ಜಾಗದಲ್ಲಿ ತುಕ್ಕಿದೆಯೇ ಇಲ್ಲವೇ ಮುರಿದ ಪಿನ್ನಿನ ಚೂರಿದೆಯೇ ಎಂದು ಟಾರ್ಚ್ ಹಿಡಿದು ನೋಡಿದ ನಂತರವೇ ಬೆಲೆಯ ಮಾತು ಆಡಬೇಕು.