43ನೇ ನಂಬರಿನ ನೀಲಿ ಸೂಪರ್‌ಬರ್ಡ್: ಕಾಸಿಗೆ ತಕ್ಕ ಕಜ್ಜಾಯವೇ?

ಇದು ಮಕ್ಕಳ ಕೈಗೆ ಕೊಡೋ ಆಟಿಕೆ ಅಲ್ಲ ಅಂತ ಮೊದಲೇ ಹೇಳಿಬಿಡ್ತೀನಿ. 1970ರಲ್ಲಿ ಅಮೆರಿಕದ ನಾಸ್ಕಾರ್ ಕಾರ್ ರೇಸುಗಳಲ್ಲಿ ರಿಚರ್ಡ್ ಪೆಟ್ಟಿ ಓಡಿಸಿದ ಪ್ಲಿಮತ್ ಸೂಪರ್‌ಬರ್ಡ್ ಕಾರಿನ ಡೈ-ಕಾಸ್ಟ್ (ಲೋಹ ಎರಕದ) ಮಾಡೆಲ್, 1:18 ಅಳತೆಯದು. ಒಂದು ಅಡಿಗಿಂತ ಚೂರು ಉದ್ದ, ಒಳ್ಳೇ ತೂಕ, ಬೆಲೆ ನೂರು ಡಾಲರ್ ಮೇಲೆ. ಕಂಪನಿ ಹೆಸರು ಬೇಡ. ಇದೇ ಅಚ್ಚು ಬೇರೆ ಬೇರೆ ಡಬ್ಬದಲ್ಲೂ ಸಿಗುತ್ತೆ.

ನಾವಿರೋದು ನಾರ್ತ್ ಕೆರೊಲಿನಾದಲ್ಲಿ. ಪೆಟ್ಟಿ ಕುಟುಂಬದ ಊರು ಲೆವೆಲ್ ಕ್ರಾಸ್ ಇರೋದೂ ಇದೇ ರಾಜ್ಯದಲ್ಲಿ. ಇಲ್ಲಿ ವಯಸ್ಸಾದವರ ಹತ್ತಿರ ರೇಸ್ ಮಾತು ತೆಗೆದರೆ ಹತ್ತು ನಿಮಿಷದೊಳಗೆ ‘ಆಗ ಕಾರು ಕಾರಾಗಿತ್ತು’ ಅನ್ನೋ ಮಾತು ಬಂದೇ ಬರುತ್ತೆ. ಆ ಮಾತಿಗೆ ಸೋತೇ ನಾನೂ ದುಡ್ಡು ಬಿಚ್ಚಿದ್ದು.

ಬಣ್ಣಕ್ಕೆ ಪೂರ್ತಿ ಅಂಕ. ಪೆಟ್ಟಿ ನೀಲಿ ಅನ್ನೋದು ಆಕಾಶನೀಲಿಯೂ ಅಲ್ಲ, ಹಸಿರೂ ಅಲ್ಲ. ಅಗ್ಗದ ಮಾಡೆಲ್‌ಗಳಲ್ಲಿ ಅದು ಸೀದಾ ಆಸ್ಪತ್ರೆ ಗೋಡೆಯ ಬಣ್ಣ ಆಗಿಬಿಡುತ್ತೆ. ಇದರಲ್ಲಿ ಸರಿಯಾಗಿ ಕೂತಿದೆ. ಬಾಗಿಲ ಮೇಲಿನ 43 ಸ್ಟಿಕರ್ ಅಲ್ಲ, ಪ್ರಿಂಟು. ಉಗುರಿನಿಂದ ಕೆರೆದು ನೋಡಿದೆ, ಏಳಲಿಲ್ಲ.

ಬಾನೆಟ್ ಎತ್ತಿದಾಗ ನಿಜಕ್ಕೂ ಖುಷಿಯಾಯ್ತು. ಕೇಸರಿ ಬಣ್ಣದ 426 ಹೆಮಿ ಎಂಜಿನ್, 426 ಕ್ಯೂಬಿಕ್ ಇಂಚು ಅಂದರೆ ಏಳು ಲೀಟರ್. ಕಪ್ಪು ವಾಲ್ವ್ ಕವರ್‌ಗಳ ನಡುಮಧ್ಯೆ ಸ್ಪಾರ್ಕ್ ಪ್ಲಗ್ ವೈರುಗಳು ಒಂದೊಂದಾಗಿ ಇಳಿದಿವೆ, ಹೆಮಿಯ ಗುರುತೇ ಅದು. ಕಾರ್ಬ್ಯುರೇಟರ್ ಒಂದೇ ಇದೆಯಾ ಅಂತ ಮೊದಲು ನೋಡಿದೆ. ರಸ್ತೆಗೆ ಬಂದ ಹೆಮಿಗೆ ಎರಡು, ರೇಸಿನದಕ್ಕೆ ಒಂದು. ಸುಮಾರು ಮಾಡೆಲ್‌ಗಳಲ್ಲಿ ರಸ್ತೆ ಕಾರಿನ ಎಂಜಿನ್ ತುರುಕಿ ಕೈ ತೊಳ್ಕೊಳ್ತಾರೆ. ಇವರು ಹಾಗೆ ಮಾಡಿಲ್ಲ.

ಈ ಕಾರು ಹುಟ್ಟಿದ್ದೇ ಪೆಟ್ಟಿಯನ್ನು ವಾಪಸ್ ಕರೆಸಿಕೊಳ್ಳೋಕೆ. ಡಾಡ್ಜ್ ಕೊಡಲ್ಲ, ಪ್ಲಿಮತ್ತೇ ಓಡಿಸಬೇಕು ಅಂತ ಎರಡೂ ಬ್ರ್ಯಾಂಡುಗಳ ಒಡೆಯ ಕ್ರೈಸ್ಲರ್ ಕಂಪನಿ ಹಟ ಹಿಡಿದಿದ್ದಕ್ಕೆ ಅವರು 1969ರಲ್ಲಿ ಫೋರ್ಡ್‌ಗೆ ಹೋಗಿದ್ದರು. ಮರುವರ್ಷ ಚೂಪು ಮೂಗು, ಬಟ್ಟೆ ಒಣಗಿಸೋ ಸ್ಟ್ಯಾಂಡಿನ ಹಾಗೆ ಮೇಲಕ್ಕೆದ್ದ ರೆಕ್ಕೆ ಹಾಕಿಕೊಂಡು ಸೂಪರ್‌ಬರ್ಡ್ ಬಂತು. ರೇಸಿಗೆ ಇಳಿಸಬೇಕಾದರೆ ಅದೇ ಕಾರನ್ನು ಜನರಿಗೂ ಮಾರಬೇಕು ಅನ್ನೋ ನಿಯಮ ಇತ್ತಲ್ಲ, ಹಾಗಾಗಿ ಸುಮಾರು 1,900 ಕಾರುಗಳನ್ನು ಡೀಲರುಗಳಿಗೆ ಕಳಿಸಿದರು. ಹಿಂದಿನ ಗಾಜಿನ ಸುತ್ತ ಅವಸರದಲ್ಲಿ ಮಾಡಿದ ಕೆಲಸ ಕಾಣಬಾರದು ಅಂತ ರಸ್ತೆ ಕಾರುಗಳ ಟಾಪಿಗೆ ವಿನೈಲ್ ಹೊದಿಸಿದ್ದರು. ರೇಸಿನದಕ್ಕೆ ಆ ಮುಚ್ಚುಮರೆ ಇಲ್ಲ, ಮಾಡೆಲ್‌ನಲ್ಲೂ ಬರೀ ಪೇಂಟು. ಸರಿಯಾಗಿದೆ.

ಬೇಜಾರಾಗಿದ್ದು ಡ್ರೈವರ್ ಕಡೆಯ ಕಿಟಕಿ ನೋಡಿ. ಡಬ್ಬದ ಮೇಲೆ ‘ಡೇಟೋನಾ 500, ಫೆಬ್ರವರಿ 1970’ ಅಂತ ರೇಸಿನ ಹೆಸರಿದೆ, ಕಿಟಕಿಗೆ ಚೆಂದದ ಕಪ್ಪು ಬಲೆ! ಆ ಬಲೆ ಕಡ್ಡಾಯವಾಗಿದ್ದು ಯಾಕೆ ಅಂತ ಇವರಿಗೆ ಗೊತ್ತಿಲ್ಲವಾ? ಅದೇ ವರ್ಷ ಮೇ ತಿಂಗಳಲ್ಲಿ ಡಾರ್ಲಿಂಗ್ಟನ್ ಟ್ರ್ಯಾಕಿನಲ್ಲಿ ಪೆಟ್ಟಿಯ ಕಾರು ಗೋಡೆಗೆ ಬಡಿದು ಪಲ್ಟಿ ಮೇಲೆ ಪಲ್ಟಿ ಹೊಡೀತು. ಉರುಳುವಾಗ ಅವರ ತಲೆ, ತೋಳು ಕಿಟಕಿಯಿಂದ ಆಚೆ ನೇತಾಡುತ್ತಿದ್ದವು. ಬದುಕಿದ್ದೇ ಪುಣ್ಯ. ಬಲೆ ಬಂದಿದ್ದು ಅದಾದ ಮೇಲೆ. ಫೆಬ್ರವರಿಯ ಕಾರಿನ ಕಿಟಕಿ ಬೋಳಾಗಿರಬೇಕಿತ್ತು. ಸಣ್ಣ ವಿಷಯ ಅನ್ನಬಹುದು, ನನಗೆ ಹಾಗನ್ನಿಸಲಿಲ್ಲ. ಆ ಕಾಲವೇ ಚೆನ್ನಾಗಿತ್ತು ಅಂತ ಹಂಬಲಿಸೋ ನಮ್ಮಂಥವರು ಸುಲಭವಾಗಿ ಮರೆಯೋದೇ ಆ ಬೋಳು ಕಿಟಕಿಯನ್ನ.

ಪಕ್ಕದ ಮನೆಯವರು, ಎಪ್ಪತ್ತು ದಾಟಿದವರು, ಹುಡುಗರಾಗಿದ್ದಾಗ ಅಪ್ಪನ ಜೊತೆ ರಾಕಿಂಗ್‌ಹ್ಯಾಮ್ ಟ್ರ್ಯಾಕಿಗೆ ಹೋಗ್ತಿದ್ದರಂತೆ. ಬಲೆ ವಿಷಯ ಅವರ ತಲೆಗೇ ಹೋಗಲಿಲ್ಲ. ತಿರುಗಿಸಿ ತಿರುಗಿಸಿ ನೋಡಿ, "ಚೆನ್ನಾಗಿದೆ, ಆದರೆ ಇಷ್ಟು ತೊಳೆದಿಟ್ಟ ಕಾರು ನಾನು ನೋಡಿಲ್ಲಪ್ಪ, ರಬ್ಬರ್ ಪುಡಿ ಎಲ್ಲಿ?" ಅಂದರು. ಆಮೇಲೆ ಚಕ್ರದ ನಟ್ಟುಗಳನ್ನು ಬೆರಳಲ್ಲಿ ಮುಟ್ಟಿ ಎಣಿಸಿ, ಐದೂ ಇವೆ ಅಂತ ಖುಷಿಪಟ್ಟರು. 2022ರಲ್ಲಿ ನಾಸ್ಕಾರ್‌ಗೆ ಬಂದ ಹೊಸ ಕಾರಿನ ಚಕ್ರಕ್ಕೆ ನಡುವೆ ಒಂದೇ ನಟ್ಟು. ಅದರ ಮೇಲೆ ಅವರಿಗಿರೋ ಸಿಟ್ಟು ಬರೆಯೋಕೆ ಇಲ್ಲಿ ಜಾಗ ಸಾಲಲ್ಲ.

ಉಳಿದ ದೂರುಗಳು ಚಿಕ್ಕವು. ಅಸಲಿ ಕಾರಿನ ರೆಕ್ಕೆ ಅಲ್ಯುಮಿನಿಯಂ, ಇದರದು ಪ್ಲಾಸ್ಟಿಕ್. ನನ್ನದು ಬಂದಾಗಲೇ ಎಡಕ್ಕೆ ಒಂಚೂರು ವಾಲಿತ್ತು. ಬಿಸಿನೀರಿನಲ್ಲಿ ಅದ್ದಿ ನೆಟ್ಟಗೆ ಮಾಡಿಕೊಂಡೆ. ಮಾರಿದವರಿಗೆ ಬರೆದರೆ ಉತ್ತರ ಇಲ್ಲ. ಡಿಕ್ಕಿ ತೆಗೆಯೋಕೇ ಬರಲ್ಲ. ರೆಕ್ಕೆ ಅಷ್ಟು ಎತ್ತರ ಇಟ್ಟಿದ್ದು ಡಿಕ್ಕಿ ತೆಗೆಯೋಕೆ ಅನುಕೂಲ ಆಗಲಿ ಅಂತ ಹೇಳೋರೂ ಇದ್ದಾರೆ, ಅದಕ್ಕೇ ಇನ್ನೂ ನಗು ಬಂತು.

ತಗೋಬೇಕಾ? ಹಳೇ ನಾಸ್ಕಾರ್ ಹುಚ್ಚು ಇದ್ದರೆ ಧಾರಾಳವಾಗಿ. ಈ ರೆಕ್ಕೆ ಕಾರುಗಳ ಆಟ ನಡೆದಿದ್ದೇ ಚೂರು ಹೊತ್ತು. 1970ರ ಮಾರ್ಚ್‌ನಲ್ಲಿ ಟಲ್ಲಡೇಗಾ ಟ್ರ್ಯಾಕಿನಲ್ಲಿ ಬಡ್ಡಿ ಬೇಕರ್ ಇದರ ಅಣ್ಣನಂಥ ಡಾಡ್ಜ್ ಡೇಟೋನಾ ಕಾರಿನಲ್ಲಿ ಗಂಟೆಗೆ 200 ಮೈಲಿ ದಾಟಿದರು. 1971ಕ್ಕೆ ಇಂಥ ಕಾರುಗಳಿಗೆ 305 ಕ್ಯೂಬಿಕ್ ಇಂಚಿನ ಎಂಜಿನ್ ಮಿತಿ ಹಾಕಿ ಕಥೆ ಮುಗಿಸಿದರು.

ಆಯ್ಕೆ ಇದ್ದರೆ ಮಾತ್ರ 43 ಬಿಟ್ಟು 40ನೇ ನಂಬರಿನದನ್ನು ಹುಡುಕಿ. ಬಣ್ಣ ಇದೇ ನೀಲಿ, ತಂಡವೂ ಪೆಟ್ಟಿಯದೇ, ಓಡಿಸಿದ್ದು ಪೀಟ್ ಹ್ಯಾಮಿಲ್ಟನ್. ಆ ವರ್ಷದ ಡೇಟೋನಾ 500ರಲ್ಲಿ ಪೆಟ್ಟಿಯ ಕಾರು ಎಂಜಿನ್ ಕೆಟ್ಟು ಶುರುವಿನಲ್ಲೇ ನಿಂತುಹೋಯ್ತು, ಗೆದ್ದಿದ್ದು ಹ್ಯಾಮಿಲ್ಟನ್. ದುಡ್ಡು ಕಟ್ಟೋ ಮುಂಚೆ ಎಡಗಡೆ ಕಿಟಕಿಯ ಫೋಟೋ ಒಂದು ಕೇಳಿ ತರಿಸಿಕೊಳ್ಳಿ.