ಯೋನಿಯಲ್ಲಿಡುವ ಪ್ರೊಜೆಸ್ಟರಾನ್ ಕ್ಯಾಪ್ಸೂಲ್: ಇದೊಂದೇ ಸಾಕೇ?

ಮಾತ್ರೆ ಕೊಟ್ಟು ಗರ್ಭಕೋಶ ಸಿದ್ಧಪಡಿಸುವ ಫ್ರೋಜನ್ ಭ್ರೂಣ ವರ್ಗಾವಣೆಯಲ್ಲಿ (ಐವಿಎಫ್‌ನಲ್ಲಿ ಹೆಪ್ಪುಗಟ್ಟಿಸಿಟ್ಟ ಭ್ರೂಣವನ್ನು ಗರ್ಭಕೋಶದಲ್ಲಿಡುವುದು) ಸಾಮಾನ್ಯವಾಗಿ ಅಂಡೋತ್ಪತ್ತಿಯೇ ಆಗುವುದಿಲ್ಲ. ಕಾರ್ಪಸ್ ಲೂಟಿಯಂ (ಅಂಡ ಹೊರಬಂದ ಮೇಲೆ ಅಂಡಾಶಯದಲ್ಲಿ ರೂಪುಗೊಳ್ಳುವ ಗ್ರಂಥಿ) ಇಲ್ಲದ ಕಾರಣ, ಗರ್ಭ ನಿಲ್ಲಲು ಬೇಕಾದ ಹಾರ್ಮೋನ್ ಪ್ರೊಜೆಸ್ಟರಾನ್ ಅಂಡಾಶಯದಿಂದ ಬರದು; ಜರಾಯು ಆ ಕೆಲಸ ವಹಿಸಿಕೊಳ್ಳುವವರೆಗೆ ಹೊರಗಿನ ಔಷಧಿಯೇ ಗತಿ.

ಈಸ್ಟ್ರೋಜನ್ ಹಾರ್ಮೋನ್ ಮಾತ್ರೆಯಿಂದ ಗರ್ಭಕೋಶದ ಒಳಪದರ ಸುಮಾರು 7 ಮಿ.ಮೀ. ದಪ್ಪವಾದ ಮೇಲೆ ಕ್ಯಾಪ್ಸೂಲ್ ಶುರು. ಸಾಮಾನ್ಯ ಪ್ರಮಾಣ 400 ಮಿ.ಗ್ರಾಂ., ದಿನಕ್ಕೆರಡು ಬಾರಿ. ಐದು ದಿನದ ಭ್ರೂಣವನ್ನು ಕ್ಯಾಪ್ಸೂಲ್ ಶುರುವಾದ ಆರನೇ ದಿನ ಇಡುತ್ತಾರೆ. ಮೊದಲ ಡೋಸ್‌ನ ದಿನ ತಪ್ಪಿದರೆ ಪದರಕ್ಕೂ ಭ್ರೂಣಕ್ಕೂ ತಾಳ ತಪ್ಪುತ್ತದೆ.

ಸೂಜಿಯ ನೋವಿಲ್ಲ, ಔಷಧಿ ನೇರ ಗರ್ಭಕೋಶ ಸೇರುತ್ತದೆ: ಇದು ದೊಡ್ಡ ಅನುಕೂಲ. ಒಳಉಡುಪಿನಲ್ಲಿ ಬಿಳಿ ಜಿಡ್ಡು ಕಂಡರೆ ಗಾಬರಿಬಿದ್ದು ಇನ್ನೊಂದು ಇಡಬೇಡಿ, ಅದು ಹೆಚ್ಚಾಗಿ ಕ್ಯಾಪ್ಸೂಲಿನ ಉಳಿಕೆ. ನಿಜವಾದ ಕೊರತೆ ಹೀರಿಕೆಯದು. ಒಬ್ಬೊಬ್ಬರಲ್ಲಿ ಒಂದೊಂದು ತರಹ. ವರ್ಗಾವಣೆಯ ಆಸುಪಾಸಿನಲ್ಲಿ ರಕ್ತದಲ್ಲಿ ಪ್ರೊಜೆಸ್ಟರಾನ್ ಮಟ್ಟ ಸುಮಾರು 10 ನ್ಯಾನೊಗ್ರಾಂ/ಮಿ.ಲೀ.ಗಿಂತ ಕಡಿಮೆಯಿದ್ದವರಲ್ಲಿ ಗರ್ಭಪಾತ ಹೆಚ್ಚು ಕಂಡಿದೆ. ಅಂಥವರಿಗೆ ಪ್ರೊಜೆಸ್ಟರಾನ್ ಇಂಜೆಕ್ಷನ್ ಸೇರಿಸುವುದುಂಟು. ಈ ರಕ್ತಪರೀಕ್ಷೆಯಿಲ್ಲದೆ ಕ್ಯಾಪ್ಸೂಲ್ ಒಂದನ್ನೇ ನೆಚ್ಚುವುದು ನಮಗೆ ಒಪ್ಪಿಗೆಯಿಲ್ಲ.

ರಕ್ತದ ಕಲೆ ಕಂಡರೂ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ; ಸಾಮಾನ್ಯವಾಗಿ ಗರ್ಭದ 10–12 ವಾರದವರೆಗೆ ಬೇಕು. ಮುಟ್ಟು ಕ್ರಮವಾಗಿರುವವರು ಸಹಜ ಸೈಕಲ್ (ತಾನಾಗಿ ಅಂಡೋತ್ಪತ್ತಿಯಾಗುವ ಋತುಚಕ್ರದಲ್ಲೇ ಭ್ರೂಣ ಇಡುವುದು) ಬಗ್ಗೆ ಖಂಡಿತ ಕೇಳಿ: ಅಲ್ಲಿ ಕಾರ್ಪಸ್ ಲೂಟಿಯಂ ಇರುತ್ತದೆ, ಗರ್ಭಿಣಿಯ ರಕ್ತದೊತ್ತಡದ ತೊಡಕೂ ಕಡಿಮೆ ಕಂಡಿದೆ.